ನನ್ನ ಜೀಪಿಗೆ ಸಿದರಾಯ ಕೂಡಿಸಿದ ತಿದಿ

ಸಿದರಾಯನ ಬಗ್ಗೆ ಯಾರಾದರೂ ಹಗುರಾಗಿ ಮಾತಾಡಿದರೆ ನನಗೆ ಸಿಟ್ಟು ಬರುತ್ತದೆ. ಸಿಟ್ಟು ನನಗೆ ಎಲ್ಲದಕ್ಕೂ ಬರುತ್ತದೆ, ಅದು ಬೇರೆ ಮಾತು. ಚಹಾ ಆರಿದ್ದರೂ ಬರುತ್ತದೆ, ಬಸ್ಸು ಸರಿಯಾದ ಹೊತ್ತಿಗೆ ಬಂದರೂ ಬರುತ್ತದೆ ಎಂದು ನನ್ನ ಹೆಂಡತಿ ಸಾವಿತ್ರೆವ್ವ ಹೇಳುತ್ತಾಳೆ. ಆದರೆ "ಮಗ್ಗದ ಫಿಟ್ಟರ್‌ಗ ಮೋಟಾರ್ ಕೆಲಸ ಏನ್ ತಿಳಿತೈತಿ" ಎಂದ ಒಬ್ಬನ ಜೊತೆ ಜಗಳಾಡಿ, ಮದುವೆ ಊಟದ ಪಂಕ್ತಿಯಿಂದ ಎದ್ದು ಬಂದವನು ನಾನು. ಯಾಕೆ ಎದ್ದು ಬಂದೆ ಎಂಬುದನ್ನು ಬರೆದಿಡಬೇಕು ಅನ್ನಿಸಿದೆ.

ನನ್ನ ಹೆಸರು ಶಂಕರೆಪ್ಪ. ಮುಧೋಳದಲ್ಲಿ ಸೀರೆ ವ್ಯಾಪಾರ. ರಬಕವಿ-ಬನಹಟ್ಟಿಯ ಮಗ್ಗಗಳಲ್ಲಿ ನೇಯ್ದ ಸೀರೆ ಕೊಂಡು, ವಾರಕ್ಕೊಮ್ಮೆ ಹುಬ್ಬಳ್ಳಿಯ ಅಂಗಡಿಗಳಿಗೆ ಹಾಕಿ ಬರುವುದು ಮೂವತ್ತು ವರ್ಷದ ಉದ್ಯೋಗ. ಎರಡು ಸಾವಿರದ ಇಸವಿಯ ಸುಮಾರಿಗೆ, ಆಣೆಕಟ್ಟಿನ ಕೆಲಸಕ್ಕೆ ಓಡಾಡಿದ ಹಳೆಯ ಗಾಡಿಗಳನ್ನು ಹರಾಜಿಗೆ ಇಟ್ಟಾಗ ಒಂದು ಡೀಸೆಲ್ ಜೀಪು ಹಿಡಿದೆ. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋಗುವ ಗಾಡಿ. ಮಳೆಗಾಲದಲ್ಲಿ ಎರೆಮಣ್ಣಿನ ರಸ್ತೆಯಲ್ಲಿ ಬೇರೆಯವರ ಗಾಡಿ ಹೂತು ನಿಂತಾಗ ನಾನು ಸಣ್ಣ ಗೇರು ಹಾಕಿ, ಅವರ ಕಡೆ ನೋಡದವನ ಹಾಗೆ ನೋಡುತ್ತ, ಪಕ್ಕದಿಂದ ಹಾದು ಹೋಗುತ್ತಿದ್ದೆ. ಆ ಸುಖ ಅನುಭವಿಸಿದವನಿಗೇ ಗೊತ್ತು.

೨೦೦೬ರಲ್ಲಿ ಗಲಗಲಿಯ ಹತ್ತಿರ ಗಾಲಿ ಬದಲಿಸುವಾಗ ಜಾಕು ಜಾರಿತು. ಜಾಕಿನ ಕೆಳಗೆ ಹಲಗೆ ಇಡಿರಿ ಎಂದು ಊರಿಗೆಲ್ಲ ಬುದ್ಧಿ ಹೇಳುವವನು ನಾನೇ. ಅವತ್ತು ಗಡಿಬಿಡಿಯಲ್ಲಿ ನಾನೇ ಇಟ್ಟಿರಲಿಲ್ಲ. ಬಲಗಾಲಿನ ಪಾದದ ಕೀಲು ಪುಡಿಯಾಯಿತು. ಒಳಗೆ ಉಕ್ಕಿನ ಪಟ್ಟಿ ಹಾಕಿ ಕೂಡಿಸಿದರು. ನಡೆಯಲು ಬರುತ್ತದೆ. ಬ್ರೇಕು ಒದೆಯಲೂ ತೊಂದರೆಯಿಲ್ಲ, ಅದಕ್ಕೆ ತೊಡೆಯ ಬಲ ಸಾಕು. ಕಷ್ಟ ಇರುವುದು ಎಕ್ಸಲೇಟರಿನಲ್ಲಿ. ಅದನ್ನು ಹದವಾಗಿ, ಒಂದೇ ಸಮ ಒತ್ತಿ ಹಿಡಿಯಬೇಕು. ಇಪ್ಪತ್ತು ನಿಮಿಷ ಹಿಡಿದರೆ ಪಾದ ಜೋಮು ಹಿಡಿದು, ಎಷ್ಟು ಒತ್ತಿದ್ದೇನೆ ಎಂಬುದೇ ತಿಳಿಯುವುದಿಲ್ಲ. ಮೂರು ವರ್ಷ ಅಲ್ಲಲ್ಲಿ ನಿಂತು, ಕಾಲು ತಿಕ್ಕಿಕೊಂಡು, ಹೇಗೋ ದಾಟಿಸಿದೆ. ೨೦೦೯ರಲ್ಲಿ ಲೋಕಾಪುರದ ಕೂಡುರಸ್ತೆಯಲ್ಲಿ ಕಾಲು ತಾನಾಗಿ ಒತ್ತಿ, ಒಂದು ಕಬ್ಬಿನ ಟ್ರೇಲರಿಗೆ ಹಿಂದಿನಿಂದ ಗುದ್ದಿದೆ. ಯಾರಿಗೂ ಏನೂ ಆಗಲಿಲ್ಲ. ಒಂದು ದೀಪ ಒಡೆಯಿತು, ಹತ್ತು ಕಬ್ಬು ರಸ್ತೆಗೆ ಬಿದ್ದವು.

ನನ್ನ ಮಗ ವೀರೇಶ ಕೂಗಾಡುವವನಲ್ಲ. ತಾಯಿಯ ಗುಣ. ಒಡೆದ ದೀಪವನ್ನು ನೋಡಿ ಒಳಗೆ ಬಂದು ಕೂತ.

"ಅಪ್ಪಾ, ಜೀಪ ಮಾರೂಣು. ಮಾಲು ಪಾರ್ಸಲ್ ಗಾಡ್ಯಾಗ ಹೋಗ್ತೈತಿ."

"ಮತ್ತ ನಾನು?"

"ನೀ ಅಂಗಡ್ಯಾಗ ಆರಾಮ ಕುಂದ್ರು."

ಕುಂದ್ರು! ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ವಾರದ ಏಳು ದಿನಗಳಲ್ಲಿ ಆರು ದಿನ ನಾನು ಗಿರಾಕಿಗಳ ಎದುರು ಸೆರಗು ಬಿಡಿಸಿ ಮಡಿಚುವವನು. ಹುಬ್ಬಳ್ಳಿಗೆ ಹೋಗಿ ಬರುವ ಆ ಒಂದು ದಿನ ಮಾತ್ರ ನಾನು ನಾನಾಗಿರುತ್ತಿದ್ದೆ. ಅದನ್ನು ಬಿಡು ಎಂದರೆ ಏನು ಉಳಿಯುತ್ತದೆ? ಎರಡು ದಿನ ಊಟ ಬಿಟ್ಟೆ. ಮೂರನೆಯ ದಿನ ವೀರೇಶನೇ ಒಂದು ಒಪ್ಪಂದ ತಂದ.

"ದೀಪಾವಳಿ ತನಕಾ ನೋಡ್ತೀನಿ. ನಾ ಬಾಜೂಕ ಕುಂದ್ರತೀನಿ. ಹುಬ್ಬಳ್ಳಿಗೆ ಹೋಗಿ ಬರೂತನಾ ಗಾಡಿ ನಿನ್ನ ಹತೋಟ್ಯಾಗ ಇದ್ರ, ನಾ ಮತ್ತ ಬಾಯಿ ತೆಗಿಯೂದಿಲ್ಲ. ಇಲ್ಲಂದ್ರ ಮಾರೂದು. ಆಗ ನೀನೂ ಬಾಯಿ ತೆಗಿಬಾರದು."

ಒಪ್ಪಿಕೊಂಡೆ. ಕಾಲು ಸರಿಹೋಗುವುದಿಲ್ಲ ಎಂದು ಗೊತ್ತಿತ್ತು. ಆದರೆ ಹುಬ್ಬಳ್ಳಿಯಲ್ಲಿ ಒಬ್ಬ ಗಿರಾಕಿ ತನ್ನ ದೊಡ್ಡ ಕಾರಿನ ಬಗ್ಗೆ ಜಂಬ ಕೊಚ್ಚುವಾಗ ಹೇಳಿದ್ದು ನೆನಪಿತ್ತು: ಒಂದು ಗುಂಡಿ ಒತ್ತಿದರೆ ಗಾಡಿ ಆ ವೇಗವನ್ನು ತಾನೇ ಹಿಡಿದುಕೊಳ್ಳುತ್ತದೆ, ಕಾಲು ತೆಗೆದು ಕೆಳಗಿಟ್ಟುಕೊಂಡು ಕೂರಬಹುದು. ಕ್ರೂಸ್ ಕಂಟ್ರೋಲ್ ಎಂದು ಅದರ ಹೆಸರು. ಯಾವ ಗಾಡಿಗಾದರೂ ಹೊರಗಿನಿಂದ ಕೂಡಿಸುವಂಥದ್ದೂ ಸಿಗುತ್ತದಂತೆ. ಕೊಲ್ಹಾಪುರದ ಹಳೆಯ ಬಿಡಿಭಾಗಗಳ ಪೇಟೆಯಲ್ಲಿ ಎರಡು ದಿನ ಅಲೆದು, ರಟ್ಟಿನ ಡಬ್ಬಿಯಲ್ಲಿದ್ದ ಒಂದನ್ನು ಹಿಡಿದು ತಂದೆ. ಒಳಗೆ ಕಮ್ಮಾರನ ಕುಲುಮೆಯದರ ಹಾಗಿನ ಒಂದು ರಬ್ಬರಿನ ತಿದಿ, ಮಣಿಮಣಿಯ ಸಣ್ಣ ಸರಪಳಿ, ಎರಡು ಅಯಸ್ಕಾಂತ, ವೈರುಗಳ ಒಂದು ಪೆಟ್ಟಿಗೆ, ಗುಂಡಿ ಇರುವ ಕಡ್ಡಿ. ಹೇಗೆ ಕೂಡಿಸಬೇಕೆಂಬ ಹಾಳೆಯ ಅರ್ಧ ಭಾಗವನ್ನು ಇಲಿ ತಿಂದಿತ್ತು.

ಜಮಖಂಡಿಯಲ್ಲಿ ಮೂರು ಗ್ಯಾರೇಜು ತಿರುಗಿದೆ. ಮೂರರಲ್ಲೂ ನಕ್ಕರು. "ಕಾಕಾ, ಇದು ಪೆಟ್ರೋಲ್ ಕಾರಿಂದರೀ. ಈ ಮುದಿ ಎತ್ತಿಗೆ ಯಾಕ ಬೇಕು?" ಎಂದ ಒಬ್ಬ. ಮುದಿ ಎತ್ತು ಅಂದದ್ದು ಯಾರಿಗೆ ಎಂದು ಕೇಳದೆ ಹೊರಬಿದ್ದೆ.

ಅದೇ ವಾರ ಬನಹಟ್ಟಿಯ ಒಂದು ಮಗ್ಗದ ಶೆಡ್ಡಿನಲ್ಲಿ ಸೀರೆ ಎಣಿಸುತ್ತ ಗ್ಯಾರೇಜಿನವರ ವಂಶವನ್ನೆಲ್ಲ ಬಯ್ಯುತ್ತಿದ್ದೆ. ಮೂಲೆಯ ಮಗ್ಗದ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದ ಒಬ್ಬ ತೆಳ್ಳನೆಯ ಮನುಷ್ಯ ಎದ್ದು ಬಂದು, "ಆ ಡಬ್ಬಿ ನೋಡಬಹುದೇನ್ರಿ?" ಎಂದ. ಅವನೇ ಸಿದರಾಯ. ಹತ್ತು ವರ್ಷದಿಂದ ಅವನನ್ನು ಅಲ್ಲಿ ನೋಡಿದ್ದೆ, ಒಮ್ಮೆಯೂ ಮಾತಾಡಿರಲಿಲ್ಲ. ಕೆಟ್ಟ ಮಗ್ಗ ರಿಪೇರಿ ಮಾಡುವ ಫಿಟ್ಟರ್. ಇಡೀ ಗದ್ದಲದ ನಡುವೆ ಒಬ್ಬನೇ ಸುಮ್ಮನೆ ಕೂತಿರುತ್ತಿದ್ದ. ಸೋಮಾರಿ ಎಂದುಕೊಂಡಿದ್ದೆ. ನನ್ನ ಬುದ್ಧಿಗೆ ಬೆಂಕಿ ಬೀಳಲಿ.

ಅವನು ಸುಮ್ಮನೆ ಕೂರುತ್ತಿರಲಿಲ್ಲ, ಕೇಳುತ್ತಿದ್ದ. ಅವನದು ಬೀಳಗಿ ಕಡೆಯ, ಹೊಳೆದಂಡೆಯ ಕುರಿ ಸಾಕುವ ಮನೆತನ. ಆಣೆಕಟ್ಟಿನ ಹಿನ್ನೀರು ನಿಂತಾಗ ಮನೆಯೂ ಹೋಯಿತು, ಕುರಿ ಮೇಯುವ ಬಯಲೂ ಹೋಯಿತು. ಹೊಸ ಜಾಗದಲ್ಲಿ ಸಾಲುಮನೆಗಳಿದ್ದವು, ಹುಲ್ಲಿರಲಿಲ್ಲ. ಕುರಿಗಳನ್ನು ಮಾರಿ, ವಿಧವೆ ತಾಯಿ ಸಾತವ್ವನನ್ನು ಕರೆದುಕೊಂಡು ಬನಹಟ್ಟಿಗೆ ಬಂದು, ಶೆಡ್ಡಿನ ಕಸ ಹೊಡೆಯುವ ಕೆಲಸಕ್ಕೆ ನಿಂತ. ಆಗ ಅವನಿಗೆ ಹಾಸು ಯಾವುದು ಹೊಕ್ಕು ಯಾವುದು ಎಂದೂ ತಿಳಿದಿರಲಿಲ್ಲ. ಒಂದು ದಿನ ಕಸಬರಿಗೆ ಹಿಡಿದುಕೊಂಡೇ, "ಆ ಮಗ್ಗ ಕುಂಟಾಕತ್ತೈತ್ರಿ" ಎಂದನಂತೆ. ಬಿಚ್ಚಿ ನೋಡಿದರೆ ಹಲ್ಲಿನ ಚಕ್ರದಲ್ಲಿ ಒಂದು ಹಲ್ಲು ಸವೆದಿತ್ತು. "ಹಿಂಡಿನಾಗ ಯಾವ ಕುರಿ ಕುಂಟತೈತಿ ಅಂತ ಹೆಜ್ಜಿ ಸಪ್ಪಳದಾಗ ತಿಳಿತೈತ್ರಿ. ಇದೂ ಹಂಗs" ಎಂದು ಅವನು ನನಗೆ ಹೇಳಿದ್ದು, ಬಹಳ ಸಾಮಾನ್ಯದ ಮಾತು ಹೇಳುವವನ ಹಾಗೆ. ಕಸಬರಿಗೆ ಬಿಟ್ಟು ಐದು ವರ್ಷದಲ್ಲಿ ಆ ಓಣಿಯ ಎಲ್ಲ ಮಗ್ಗಗಳೂ ಅವನ ಕೈಗೆ ಬಂದವು.

ಡಬ್ಬಿಯನ್ನು ಮನೆಗೆ ಒಯ್ದ. ಮೂರನೆಯ ದಿನ ನಾನು ಹೋದಾಗ ತಿದಿಯ ಗಾಳಿಯನ್ನು ಬಾಯಿಯಿಂದ ಎಳೆದು ತೋರಿಸಿದ. ಒಳಗಿನ ಗಾಳಿ ಎಳೆದರೆ ತಿದಿ ಮುದುಡುತ್ತದೆ, ಮುದುಡಿದಾಗ ಸರಪಳಿಯನ್ನು ಜಗ್ಗುತ್ತದೆ, ಸರಪಳಿ ಎಕ್ಸಲೇಟರನ್ನು ಜಗ್ಗುತ್ತದೆ. ಗಾಳಿ ಒಳಗೆ ಬಿಟ್ಟರೆ ತಿದಿ ಸಡಿಲಾಗುತ್ತದೆ, ಗಾಡಿ ನಿಧಾನವಾಗುತ್ತದೆ. ಓಡುವ ವೇಗ ಎಷ್ಟೆಂದು ತಿಳಿಯಲು ಜೀಪಿನ ಹೊಟ್ಟೆಯ ಕೆಳಗೆ ತಿರುಗುವ ಉದ್ದನೆಯ ಶಾಫ್ಟಿಗೆ ಅಯಸ್ಕಾಂತ ಕಟ್ಟಬೇಕು. ಗಾಳಿ ಎಳೆಯಲು ಜೀಪಿನಲ್ಲಿ ಬ್ರೇಕಿಗಾಗಿ ಇರುವ ಪಂಪೇ ಸಾಕು. ಜಮಖಂಡಿಯ ಮೂರು ಗ್ಯಾರೇಜಿಗೆ ಹೊಳೆಯದ್ದು ಇವನಿಗೆ ಮೂರು ದಿನದಲ್ಲಿ ತಿಳಿದಿತ್ತು.

"ಹಂಗಾರ ಕೂಡಸು ಮತ್ತ!"

"ಮೊದಲ ನಿಂದ್ರಸೂದು ಮಾಡೂಣ್ರಿ."

ಇದು ಅವನ ರೀತಿ. ಮಗ್ಗದಲ್ಲಿ ಅಡ್ಡ ಓಡುವ ಹೊಕ್ಕಿನ ಎಳೆ ಕಡಿದರೆ ಒಂದು ಸಣ್ಣ ಮುಳ್ಳು ಅದನ್ನು ಮುಟ್ಟಿ ನೋಡಿ, ಎಳೆ ಇಲ್ಲವೆಂದು ತಿಳಿದು, ಇಡೀ ಮಗ್ಗವನ್ನು ನಿಲ್ಲಿಸುತ್ತದೆ. ಸಿದರಾಯ ಯಾವ ಮಗ್ಗ ಮುಟ್ಟಿದರೂ ಮೊದಲು ಆ ಮುಳ್ಳನ್ನು ಸರಿಮಾಡಿ, ಆಮೇಲೆ ಉಳಿದದ್ದಕ್ಕೆ ಕೈ ಹಾಕುತ್ತಿದ್ದ. ನನ್ನ ಜೀಪಿಗೂ ಅದೇ ಮಾಡಿದ. ಇಪ್ಪತ್ತು ದಿನ! ಬ್ರೇಕು ಮುಟ್ಟಿದರೆ ತಿದಿಗೆ ಗಾಳಿ ಹೋಗಬೇಕು, ಅದೊಂದು. ಕ್ಲಚ್ಚು ಮುಟ್ಟಿದರೂ ಹೋಗಬೇಕು, ಅದೊಂದು. ಇವೆರಡೂ ಕೈಕೊಟ್ಟರೆ ಅಂತ ಸ್ಟೇರಿಂಗಿನ ಎಡಕ್ಕೆ ಒಂದು ಹಗ್ಗ. ಜಗ್ಗಿದರೆ ಸರಪಳಿಯ ಕೊಕ್ಕೆಯೇ ಕಳಚಿ ಬೀಳುತ್ತದೆ. ಎಂಜಿನ್ ಬಂದ್ ಮಾಡುವ ಗುಂಡಿ ಜೀಪಿನಲ್ಲಿ ಇದ್ದೇ ಇದೆಯಲ್ಲ ಎಂದೆ. "ಎಂಜಿನ್ ಬಂದಾದ್ರ ಬ್ರೇಕಿನ ಪಂಪೂ ಬಂದ್ ಆಗತೈತ್ರಿ. ಕಾಲಿನ ಬಲಾ ಎಲ್ಲಿಂದ ತರ್ತೀರಿ?" ಎಂದ. ಮಾತು ಖರೆ ಇತ್ತು, ಅದಕ್ಕೇ ಹೆಚ್ಚು ಸಿಟ್ಟು ಬಂತು.

"ಲೇ ಸಿದರಾಯಾ, ನಾ ಗಾಡಿ ಓಡಸಾಕ ಬಂದೇನಿ, ನಿಂದ್ರಸಾಕಲ್ಲ! ನಿಂತ ಗಾಡಿ ನಮ್ಮ ಮನೀ ಮುಂದs ಐತಿ!"

ಅವನು ನಕ್ಕು, ಕರಿ ಉಣ್ಣೆಯ ಒಂದು ಎಳೆಯನ್ನು ಸರಪಳಿಗೆ ಕಟ್ಟಿ, ಅದು ಎಷ್ಟು ಅಲುಗುತ್ತದೆ ಎಂದು ನೋಡುತ್ತ ಕೂತ. ಆ ಹಗ್ಗದ ತಾಲೀಮು ಬೇರೆ. ಕಣ್ಣು ಮುಚ್ಚಿಸಿ, "ಜಗ್ಗ್ರಿ!" ಎನ್ನುತ್ತಿದ್ದ. ಚಹಾ ಕುಡಿಯುವಾಗ, ಬೇರೆ ಏನೋ ಮಾತಾಡುವಾಗ, ಇದ್ದಕ್ಕಿದ್ದಂತೆ "ಜಗ್ಗ್ರಿ!" ಒಂದು ದಿನ ಮನೆಯಲ್ಲಿ ಊಟಕ್ಕೆ ಕೂತಾಗ ವೀರೇಶ ನೀರಿನ ತಂಬಿಗೆ ಜರುಗಿಸು ಎಂಬರ್ಥದಲ್ಲಿ "ಜಗ್ಗು" ಎಂದದ್ದಕ್ಕೆ ನನ್ನ ಎಡಗೈ ತಾನಾಗಿ ಹೋಗಿ ಸಾವಿತ್ರೆವ್ವನ ಸೆರಗು ಹಿಡಿಯಿತು. "ಈ ವಯಸ್ಸಿನ್ಯಾಗ ಏನ್ರಿ ಇದು" ಎಂದು ಅವಳು ಮಗನ ಎದುರೇ ಛೇಡಿಸಿದಳು.

ಕೊನೆಗೊಂದು ಬೆಳಿಗ್ಗೆ ಜಮಖಂಡಿಯಿಂದ ಮುಧೋಳಕ್ಕೆ ಬರುವ ನೆಟ್ಟನೆಯ ರಸ್ತೆಯಲ್ಲಿ, ವೇಗದ ಮುಳ್ಳು ಐವತ್ತರ ಮೇಲೆ ಇದ್ದಾಗ, "ಈಗ ಗುಂಡಿ ಒತ್ತರಿ" ಎಂದ. ಒತ್ತಿದೆ. "ಕಾಲ ತಗೀರಿ." ತೆಗೆಯಲು ಧೈರ್ಯವಾಗಲಿಲ್ಲ. "ತಗೀರೀ ಅಂದ್ರ!" ತೆಗೆದೆ. ಜೀಪು ಹಾಗೆಯೇ ಹೋಗುತ್ತಿತ್ತು! ಏರಿನಲ್ಲಿ ಎಂಜಿನ್ ತಾನೇ ಉಸಿರು ಎಳೆದುಕೊಂಡಿತು, ಇಳಿವಿನಲ್ಲಿ ತಾನೇ ಸಡಿಲ ಬಿಟ್ಟಿತು. ನನ್ನ ಹಾಳು ಪಾದ ತಗಡಿನ ಮೇಲೆ ಚಾಚಿಕೊಂಡು ಬಿದ್ದಿತ್ತು, ಮೂರು ವರ್ಷದಲ್ಲಿ ಮೊದಲ ಸಲ ಗಾಡಿಯಲ್ಲಿ ಅದಕ್ಕೆ ನೋವಿರಲಿಲ್ಲ. ನಾನು ಕೂಗಿದೆ, ಏನು ಕೂಗಿದೆನೋ ಗೊತ್ತಿಲ್ಲ. ಕಬ್ಬಿನ ಹೊಲದಲ್ಲಿದ್ದವರು ತಿರುಗಿ ನೋಡಿದರು.

ವೀರೇಶನ ಪರೀಕ್ಷೆಗೆ ದೀಪಾವಳಿಯ ಹಿಂದಿನ ವಾರದ ಒಂದು ದಿನ ಗೊತ್ತಾಯಿತು. ಆವತ್ತು ಬೆಳಿಗ್ಗೆ ಸಿದರಾಯ ತಾಯಿಯನ್ನೂ ಕರೆದುಕೊಂಡು ಮುಧೋಳಕ್ಕೆ ಬಂದ. ಸಾತವ್ವನಿಗೆ ಎಪ್ಪತ್ತರ ಮೇಲೆ. ಬೀರೇಶ್ವರನ ಗುಡಿಯಿಂದ ಸೆರಗಿನ ಗಂಟಿನಲ್ಲಿ ಭಂಡಾರ ತಂದಿದ್ದಳು, ಅರಿಸಿನದ ಪುಡಿ, ಬೀರಪ್ಪನ ಪ್ರಸಾದ. ಹೊಸ ಕುರಿಮರಿಗೂ, ಹೊಸ ಸೊಸೆಗೂ, ಹೊಸ ಮಗ್ಗಕ್ಕೂ ಅವರಲ್ಲಿ ಅದನ್ನು ಎರಚದೆ ಶುರುವಿಲ್ಲ. "ಎಲ್ಲಿ ಐತೋ ನೀ ಮಾಡಿದ್ದು?" ಎಂದು ಬಾನೆಟ್ಟು ತೆಗೆಸಿದಳು. "ಬೀರಪ್ಪಾ, ನಮ್ಮಪ್ಪಾ, ಈ ಗಾಡಿ ನಿನ್ನ ಹಿಂಡಿನಾಗಿಂದು ಅಂತ ತಿಳಿ" ಎಂದು ಒಂದಲ್ಲ, ಮೂರು ಬೊಗಸೆ ತೂರಿದಳು. ಎಂಜಿನ್ನೆಲ್ಲ ಹಳದಿ. ನಾವೆಲ್ಲ ಕೈ ಮುಗಿದೆವು, ನಾನು ಲಿಂಗ ಕಟ್ಟಿದವನಾದರೂ ಮುಗಿದೆ. ಸಿದರಾಯ ಜೇಬಿನಿಂದ ಒರೆಸುವ ಬಟ್ಟೆ ತೆಗೆದ. ತಾಯಿಯ ಮುಖ ನೋಡಿ ಮತ್ತೆ ಜೇಬಿಗೆ ಹಾಕಿಕೊಂಡ.

ವೀರೇಶ ನನ್ನ ಪಕ್ಕ, ಸಿದರಾಯ ಹಿಂದೆ ಸೀರೆ ಗಂಟುಗಳ ಜೊತೆ. ಲೋಕಾಪುರದವರೆಗೆ ಎಲ್ಲ ಬೆಣ್ಣೆಯಂತೆ ಹೋಯಿತು. ವೀರೇಶ ನನ್ನ ಚಾಚಿದ ಪಾದವನ್ನು ನೋಡಿದ, ಮುಳ್ಳನ್ನು ನೋಡಿದ, ಏನೂ ಅನ್ನಲಿಲ್ಲ. ಏನೂ ಅನ್ನದಿದ್ದರೆ ಅವನಿಗೆ ಹಿಡಿಸಿದೆ ಎಂದರ್ಥ. ಲೋಕಾಪುರ ದಾಟಿ ಮೂರು ಮೈಲಿ ಹೋಗಿರಬೇಕು, ಮುಂದೆ ತಿರುವಿನಲ್ಲಿ ರಸ್ತೆ ತುಂಬ ಕುರಿಗಳು. ಬ್ರೇಕು ಒತ್ತಿದೆ.

ಜೀಪು ನಿಲ್ಲಲಿಲ್ಲ. ಬ್ರೇಕು ಹಿಡಿಯುತ್ತಿತ್ತು, ಎಂಜಿನ್ನು ಅದನ್ನು ಕೇಳದೆ ಮುಂದಕ್ಕೆ ನೂಕುತ್ತಿತ್ತು. ಕ್ಲಚ್ಚು ಒತ್ತಿದೆ, ಎಂಜಿನ್ ಹುಚ್ಚು ಹಿಡಿದಂತೆ ಚೀರಿತು, ತಿದಿ ಬಿಡಲೇ ಇಲ್ಲ. ಹೆದರಿ ಕ್ಲಚ್ಚು ಬಿಟ್ಟೆ, ಮತ್ತೆ ನೂಕತೊಡಗಿತು. ಕುರಿಗಳ ಕೊನೆಯ ಸಾಲು ಹತ್ತು ಮಾರು ದೂರ. "ಅಪ್ಪಾ!" ಎಂದು ವೀರೇಶ ಕೂಗಿದ. ಅದರ ಮೇಲೆಯೇ ಹಿಂದಿನಿಂದ "ಜಗ್ಗ್ರಿ!" ಎಂಬ ಕೂಗು ಬಂತು. ನಾನು ಯೋಚಿಸಲಿಲ್ಲ, ಎಡಗೈ ಹೋಯಿತು, ಹಗ್ಗ ಜಗ್ಗಿತು. ಎಂಜಿನ್ ತಟ್ಟನೆ ಇಳಿಯಿತು, ಬ್ರೇಕು ಹಿಡಿಯಿತು. ಕಡೆಯ ಕುರಿ ನಮ್ಮ ಬಂಪರನ್ನು ಮೂಸಿ ಮುಂದೆ ಹೋಯಿತು. ಕುರಿ ಕಾಯುವವನು ನನ್ನ ಏಳು ತಲೆಮಾರು ಹಿಡಿದು ಬೈದ.

ವೀರೇಶ ಇಳಿದು ದೂರ ಹೋಗಿ ನಿಂತ. ಸಿದರಾಯ ಬಾನೆಟ್ಟು ಎತ್ತಿದ. ತಿದಿಗೆ ಗಾಳಿ ಹೋಗುವ ಸಣ್ಣ ಬಾಯಿಗೆ ಸ್ಪಂಜಿನ ಒಂದು ಬಿರಟೆ ಇತ್ತು, ಧೂಳು ಹೋಗದಿರಲಿ ಅಂತ. ಅದರಲ್ಲಿ ಭಂಡಾರ ತುಂಬಿ, ಎಂಜಿನ್ನಿನ ಎಣ್ಣೆಯ ಆವಿ ಬಡಿದು, ಹಳದಿ ಮೆತ್ತೆಯಾಗಿ ಗಟ್ಟಿಯಾಗಿತ್ತು. ಬ್ರೇಕಿನ ಗಾಳಿಗೂ ಕ್ಲಚ್ಚಿನ ಗಾಳಿಗೂ ಅದೊಂದೇ ದಾರಿ.

ನನಗೆ ಎಲ್ಲ ಅರ್ಥವಾಯಿತು. ಇನ್ನೊಂದೂ ಅರ್ಥವಾಯಿತು: ವೀರೇಶ ಇದನ್ನು ನೋಡಿಲ್ಲ. ನಾನು ಸಿದರಾಯನ ಕಿವಿಯಲ್ಲಿ, "ವೈರ್ ಕಡದಿತ್ತು, ಈಗ ಜೋಡಿಸೀನಿ ಅನ್ನು. ಸ್ಪಂಜ್ ಒಗಿ ಆಕಡೆ. ಹುಬ್ಬಳ್ಳಿಗೆ ಹೋಗೂಣು" ಎಂದೆ. ಹೌದು, ನಾನೇ ಅಂದೆ. ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಅಂದದ್ದು ನಾನೇ.

ಸಿದರಾಯ ಆ ಹಳದಿ ಬಿರಟೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ವೀರೇಶನ ಹತ್ತಿರ ಹೋದ.

"ತಪ್ಪು ನಂದ್ರಿ. ಅವ್ವ ಭಂಡಾರ ಹಾರಸೂ ಮುಂದ ಇದರಾಗ ಹೋಗೂದು ನಾ ನೋಡಿದ್ನಿ. ವರಸಬೇಕಂತ ಅರಿವಿನೂ ತಗದಿದ್ನಿ. ಬೀರಪ್ಪನ ಭಂಡಾರ ಅವ್ವನ ಕಣ್ಣೆದುರಿಗೆ ಹೆಂಗ ವರಸಲಿ ಅಂತ ಸುಮ್ನಾದ್ನಿ. ನಮ್ಮವ್ವನ ಮಾರಿ ನೋಡಿದ್ನಿ, ನಿಮ್ಮಪ್ಪನ ಜೀಂವ ನೋಡಲಿಲ್ಲ. ಮತ್ತ ಎರಡಕ್ಕೂ ಒಂದs ದಾರಿ ಇಟ್ಟಿದ್ದೂ ನನ್ನ ತಪ್ಪ. ಇವತ್ತ ಇದು ನಡಿಯೂದು ಬ್ಯಾಡ್ರಿ."

ನನ್ನನ್ನು ಮುಳುಗಿಸಿದ! ಅವನ ಕತ್ತು ಹಿಚುಕುವಷ್ಟು ಸಿಟ್ಟು ಬಂತು. ವೀರೇಶ ಬಿರಟೆ ನೋಡಿದ, ಅವನನ್ನು ನೋಡಿದ. ಆಮೇಲೆ, "ಅಪ್ಪಗ ಇದು ಗೊತ್ತಾತೇನು?" ಎಂದು ಕೇಳಿದ. ಸಿದರಾಯ ತಲೆ ತಗ್ಗಿಸಿ ನಿಂತ. ತನ್ನ ತಪ್ಪನ್ನು ಅಷ್ಟು ಬಿಚ್ಚಿ ಹೇಳಿದವನು ನನ್ನದರ ಬಗ್ಗೆ ತುಟಿ ಬಿಚ್ಚಲಿಲ್ಲ. ಅದನ್ನು ನೋಡಿ ನನ್ನ ಸಿಟ್ಟು ಎಲ್ಲಿ ಹೋಯಿತೋ. ನನ್ನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಿಲ್ಲದ ಗಾಡಿಯನ್ನು ಓಡಿಸಲು ನಾನು ಸಿದ್ಧನಾಗಿದ್ದೆನಲ್ಲ, ಥೂ.

"ಗೊತ್ತಾತು. ವೈರ್ ಕಡದೈತಿ ಅಂತ ಸುಳ್ಳ ಹೇಳು ಅಂತ ನಾನs ಹೇಳಿದ್ನಿ" ಎಂದೆ.

ವೀರೇಶ ತಾನೇ ಜೀಪು ತಿರುಗಿಸಿ ಮುಧೋಳಕ್ಕೆ ತಂದ. ಮನೆ ಮುಂದೆ ಕೀಲಿ ತೆಗೆದು, ನನ್ನ ಚಾಚಿದ ಕೈಯನ್ನು ದಾಟಿಸಿ, ಸಿದರಾಯನ ಕೈಯಲ್ಲಿಟ್ಟ.

"ಇದು ನಿಮ್ಮ ಕಡೆ ಇರ್ಲಿ. ನೀವು ಆತು ಅಂದ ದಿನಾ ಆತು. ಆಗೂದಿಲ್ಲ ಅಂದ್ರ ಮಾರೂದು. ಅಪ್ಪನ ಮಾತ ನಾ ಕೇಳೂದಿಲ್ಲ, ನನ್ನ ಮಾತ ನೀವ ಕೇಳಬ್ಯಾಡ್ರಿ."

ದೀಪಾವಳಿ ಹೋಯಿತು. ಜೀಪು ಬನಹಟ್ಟಿಯಲ್ಲಿ, ನಾನು ಬಸ್ಸಿನಲ್ಲಿ. ಎರಡು ದಿನಕ್ಕೊಮ್ಮೆ ಹೋಗಿ ಅವನ ತಲೆ ತಿನ್ನುತ್ತಿದ್ದೆ. "ಆತೇನೋ?" "ಇಲ್ರಿ." "ಆಗತೈತೇನೋ?" "ನೋಡೂಣ್ರಿ." ಮಗ್ಗದ ಕೆಲಸ ಮುಗಿಸಿ, ಮಧ್ಯಾಹ್ನದ ಮೇಲೆ ಜೀಪಿನ ಕೆಳಗೆ ಮಲಗುತ್ತಿದ್ದ. ಬ್ರೇಕಿಗೆ ಒಂದು, ಕ್ಲಚ್ಚಿಗೆ ಒಂದು ಎಂದು ಗಾಳಿಗೆ ಬೇರೆ ಬೇರೆ ಎರಡು ದಾರಿ ಮಾಡಿದ. ಎರಡರ ಬಾಯಿಯನ್ನೂ ಎಂಜಿನ್ನಿನಿಂದ ತೆಗೆದು, ಕೊಳವೆ ಎಳೆದು, ಸೀಟಿನ ಕೆಳಗೆ ತಗಡಿನ ಮುಚ್ಚಳದೊಳಗೆ ಇಟ್ಟ. ಎಲ್ಲ ಮುಗಿದಂತೆ ನನಗೆ ಕಂಡಿತು. ಆದರೂ ಕೀಲಿ ಕೊಡಲಿಲ್ಲ.

"ಇನ್ನೇನ ಉಳದೈತಿ ಮಾರಾಯಾ?"

"ಅವ್ವಗ ಹೇಳಬೇಕ್ರಿ. ಇನ್ನೂ ಹೇಳಿಲ್ಲ."

"ಅಕಿಗೆ ಎದಕ ಹೇಳಬೇಕು? ಮುಚ್ಚಳಾ ಹಾಕಿಯಲ್ಲ?"

ಅವನು ನಟ್ಟು ತಿರುಗಿಸುತ್ತಿದ್ದ ಪಾನಾ ಕೆಳಗಿಟ್ಟ. "ನಾ ಹೇಳಲಿಲ್ಲಂದ್ರ ಅಕಿ ಎಲ್ಲಾ ಮಷೀನಿಗೂ ಹಾರಸ್ತಾಳ್ರಿ. ಎಲ್ಲಾರೂ ಅಕಿ ಕಡೆ ತರ್ತಾರ. ಖರೆ, ಹೆಂಗ ಹೇಳ್ಲಿ? ಊರು ಮುಳಗಿತು, ಕುರಿ ಹೋದೂವು. ಅಕಿ ಕಡೆ ಉಳದದ್ದು ಬೀರಪ್ಪನ ಭಂಡಾರ ಒಂದs. ಅದರಿಂದ ಒಬ್ರ ಜೀಂವಕ್ಕ ಬರೂದಿತ್ತು ಅಂತ ಯಾವ ಬಾಯಿಲೇ ಹೇಳ್ಲಿ?"

ಆವತ್ತು ನಾನು ಜಗಳ ಮಾಡದೆ ಬಸ್ಸು ಹತ್ತಿದೆ. ಹತ್ತು ದಿನ ಆ ಕಡೆ ಹೋಗಲಿಲ್ಲ. ಮನೆಯಲ್ಲಿ ಎಲ್ಲರಿಗೂ ಆಶ್ಚರ್ಯ.

ಹನ್ನೊಂದನೆಯ ದಿನ ಬೆಳಿಗ್ಗೆ ಮನೆಯ ಮುಂದೆ ಜೀಪಿನ ಸದ್ದು. ಸಿದರಾಯ ಓಡಿಸಿಕೊಂಡು ಬಂದಿದ್ದ, ಪಕ್ಕದ ಸೀಟಿನಲ್ಲಿ ಸಾತವ್ವ. ಬಾನೆಟ್ಟಿನ ಸಂದಿಯಿಂದಲೂ ಹಳದಿ ಉದುರುತ್ತಿತ್ತು.

"ಮತ್ತ ಹಾಕಿಸೀಯೇನೋ!" ಎಂದು ಚೀರಿದೆ.

ಸಾತವ್ವ ಇಳಿಯುತ್ತಲೇ ನನ್ನ ಮೇಲೆ ಹರಿಹಾಯ್ದಳು. "ನಾನs ಹಾಕೇನಿ. ಏಳು ದಿನಾ, ದಿನಕ್ಕ ಎರಡ ಬೊಗಸಿ. ಈ ಹುಚ್ಚ ಖೋಡಿ ಒಂದ ತಿಂಗಳಾ ಹೊಟ್ಟ್ಯಾಗ ಇಟ್ಕೊಂಡು ಕೊರಗ್ಯಾನ ನೋಡು. ಮೊದಲs ಹೇಳಬಾರದೇನು? ನಮ್ಮ ಬೀರಪ್ಪ ಏನ್ ಸಣ್ಣಾಂವ ಅದಾನೇನು, ಇಷ್ಟಕ್ಕ ಸಿಟ್ಟಾಗಾಕ? ನಾ ಅಂದೆ, ನಾಳೆ ಇನ್ನೊಬ್ಬಾಕಿ ಮುದುಕಿ ಬಂದು ಹಾರಸ್ತಾಳ, ಆಕಿಗೆ ಯಾರು ಬ್ಯಾಡ ಅಂತಾರ? ಎಷ್ಟ ಹಾಕಿದ್ರೂ ಕೆಡದಂಗ ಮಾಡು, ನಾ ಹಾಕತೀನಿ, ನಾನs ಕುಂದ್ರತೀನಿ, ಓಡಸು ಅಂದೆ."

ಏಳು ದಿನ ಅವರಿಬ್ಬರು ಹಾಗೆಯೇ ಮಾಡಿದ್ದರು. ತಾಯಿ ಎರಚುವುದು, ಮಗ ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಲಗಲಿಯವರೆಗೆ ಓಡಿಸಿ, ನಡುನಡುವೆ ಬ್ರೇಕು ಒತ್ತಿ, ಕ್ಲಚ್ಚು ಒತ್ತಿ, ತಿರುಗಿ ಬರುವುದು. ಒಮ್ಮೆಯೂ ತಪ್ಪಿರಲಿಲ್ಲ. ತಾನು ಹೆತ್ತವಳನ್ನು ಕೂರಿಸಿ ನೋಡದ ಗಾಡಿಯನ್ನು ಅವನು ನನಗೆ ಕೊಡಲು ಒಪ್ಪಿರಲಿಲ್ಲ. ನಾನು ಅವನ ಕೈ ಹಿಡಿದುಕೊಂಡೆ. ಅವನು ಕೀಲಿಯನ್ನು ವೀರೇಶನಿಗೆ ಕೊಟ್ಟು, "ಆತ್ರಿ" ಎಂದ. ವೀರೇಶ ಅದನ್ನು ನನಗೆ ಕೊಟ್ಟ.

ಅವತ್ತೇ ಹುಬ್ಬಳ್ಳಿಗೆ ಹೊರಟೆವು. ಸಿದರಾಯನನ್ನು ಕರೆದೆ. "ನಾ ಯಾಕ್ರಿ? ಶೆಡ್ಡಿನ್ಯಾಗ ಎರಡ ಮಗ್ಗಾ ನಿಂತಾವು" ಎಂದು, ತಾಯಿಯ ಜೊತೆ ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಲೋಕಾಪುರ ದಾಟಿತು. ಕುರಿಗಳು ಸಿಕ್ಕಿದ್ದ ತಿರುವು ಬಂತು. ಬ್ರೇಕು ಮುಟ್ಟಿದೆ, ಎಂಜಿನ್ ತಟ್ಟನೆ ಇಳಿಯಿತು, ಮತ್ತೆ ಗುಂಡಿ ಒತ್ತಿದೆ, ಎತ್ತಿಕೊಂಡಿತು. ವೀರೇಶ ಏನಾದರೂ ಹೇಳುತ್ತಾನೆಂದು ಕಾದೆ. ಆ ತಿರುವಿನಲ್ಲಿ ಏನೂ ಹೇಳಲಿಲ್ಲ, ಅದರ ಮುಂದಿನ ಊರಿನಲ್ಲೂ ಹೇಳಲಿಲ್ಲ. ಈಗ ಯಾವುದೋ ತಪ್ಪು ಹುಡುಕುತ್ತಿದ್ದಾನೆ ಎಂದು ನನಗೆ ಒಳಗೊಳಗೇ ಉರಿಯತೊಡಗಿತು. ಜಗಳಕ್ಕೆ ಒಂದು ಮಾತು ಸಿದ್ಧಮಾಡಿಕೊಂಡು ಅವನ ಕಡೆ ತಿರುಗಿದೆ. ನನ್ನ ಮಗ ಬಾಯಿ ತೆರೆದು, ತಲೆ ಕಿಟಕಿಗೆ ಆನಿಸಿ, ಗಾಢ ನಿದ್ದೆಯಲ್ಲಿದ್ದ. ಹುಬ್ಬಳ್ಳಿ ಬರುವವರೆಗೆ ನಾನು ಒಮ್ಮೆಯೂ ಹಾರ್ನ್ ಹೊಡೆಯಲಿಲ್ಲ.